ಬಾವಿಯ ಸುತ್ತಳತೆ

ಮಗಳು ಓವಿ ಗೋಡೆ ಬಿಟ್ಟು ನಡೆಯಲು ಕಲಿತ ದಿನದಿಂದ ಪ್ರಾಜಕ್ತಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮನೆಯ ಹಿಂದೆಯೇ ಕಟ್ಟೆಯಿಲ್ಲದ ದುಂಡು ಬಾವಿ. ಹೊಲದ ಗಡಿ ಅದರ ನಟ್ಟನಡುವೆ ಹಾಯುತ್ತಿತ್ತು: ಈಚೆ ಗಂಡ ಅಮಿತನ ಕಬ್ಬು, ಆಚೆ ಅವನ ಅಣ್ಣ ಅಪ್ಪಾಸಾಬನ ದ್ರಾಕ್ಷಿ. ನೀರಿನ ಪಾಳಿಯ ಜಗಳದ ನಂತರ ಎರಡು ಮನೆಗಳಿಗೆ ಮಾತಿಲ್ಲ. ಆಚೆ ಕಾಲಿಡುವಂತೆಯೂ ಇಲ್ಲ.

“ನಮ್ಮ ಅರ್ಧಕ್ಕ ತಂತಿ ಜಾಳಿ ಹೊಡಿಯೂನು,” ಎಂದ ಅಮಿತ.

“ಬೀಳೂವಾಗ ಆಕಿ ಯಾವ ಅರ್ಧ ಅಂತ ನೋಡತಾಳೇನ್ರಿ?”

ಬಿ.ಎಸ್ಸಿ. ಓದಿದ ಅವಳಿಗೆ ಸುತ್ತ ಎಷ್ಟು ಜಾಳಿ ಬೇಕೆಂದು ಲೆಕ್ಕ ಹಾಕಲು ಬಾವಿಯ ಅಡ್ಡಳತೆ ಸಿಕ್ಕರೆ ಸಾಕಿತ್ತು. ಆದರೆ ಹಗ್ಗದ ಇನ್ನೊಂದು ತುದಿಯನ್ನು ಆಚೆ ಯಾರಾದರೂ ಹಿಡಿಯಬೇಕು. ಅಲ್ಲಿ ಅಪ್ಪಾಸಾಬನ ಹೆಂಡತಿ, ನೆಗೆಣ್ಣಿ ಸುಂದರಾ ಆಡು ಮೇಯಿಸುತ್ತಿದ್ದಳು. ಪ್ರಾಜಕ್ತಾ ಬಗಲಲ್ಲಿದ್ದ ಮಗಳಿಗೆ ಗಟ್ಟಿಯಾಗಿ ಹೇಳಿದಳು: “ನಿಮ್ಮ ದೊಡ್ಡವ್ವ ಈ ಹಗ್ಗ ಹಿಡದ್ರ ಬಾವಿಗೊಂದು ಬೇಲಿ ಆಕ್ಕೈತಿ, ಓವಿ.”

ಸುಂದರಾ ಆಡಿನ ಕಡೆ ತಿರುಗಿದಳು. “ಒಗಿ ಅಂತ ಹೇಳ, ಆಡೇ. ನಿಮ್ಮ ಮಾಲಕರು ಮಿರಜಿಗೆ ಹೋಗ್ಯಾರ, ನಾಳಿ ಬರ್ತಾರ.”

ಕಲ್ಲು ಕಟ್ಟಿದ ಹಗ್ಗ ಆಚೆ ಬಿತ್ತು. ಪ್ರಾಜಕ್ತಾ ಬೇಲಿ ಬರುವ ಜಾಗದಲ್ಲಿ ನಿಂತಳು. ಸುಂದರಾ ಆಚೆ ಅಷ್ಟೇ ದೂರ ಬಿಟ್ಟು ಅಂಚಿನ ಗುಂಟ ಸರಿಯುತ್ತ ಹೋದಳು. ಹಗ್ಗ ಎಲ್ಲಿ ಅತಿ ಉದ್ದವಾಗುತ್ತದೋ ಅದೇ ವ್ಯಾಸ.

“ಇನ್ನೂ ಸರೀಬೇಕೇನ ಕೇಳ, ಆಡೇ.”

“ಸಾಕಂತ ಹೇಳ, ಓವಿ. ಹಗ್ಗ ಸಡ್ಲಾಗಾಕತ್ತೈತಿ.”

ಮೂವತ್ತು ಅಡಿ. ಮೂರು ಬಿಂದು ಒಂದು ನಾಲ್ಕರಿಂದ ಗುಣಿಸಿದರೆ ತೊಂಬತ್ನಾಲ್ಕಕ್ಕೆ ತುಸು ಮೇಲೆ. ತೊಂಬತ್ತೈದು ಅಡಿ ಜಾಳಿ ತನ್ನಿರೆಂದು ಅಮಿತನಿಗೆ ಫೋನಿನಲ್ಲಿ ಹೇಳಿದಳು. ಸಂಜೆ ಅಮಿತ ಅಥಣಿಯಿಂದ ತಂದದ್ದು ತೊಂಬತ್ತು.

“ಅಡ್ಡದ ಮೂರು ಪಟ್ಟು ದುಂಡು. ನಮ್ಮಪ್ಪ ಕಣಜ ಹೆಣಸುವಾಗೂ ಇದ ಲೆಕ್ಕ. ಸುಮ್ನ ಐದಡಿ ಯಾಕ ದಂಡ?”

“ಕಣಜ ಕಮ್ಮಿ ಬಿದ್ರ ಜ್ವಾಳ ಸೋರತಾವ. ಇಲ್ಲಿ ಸೋರೂದು ಓವಿ.”

ಮರುದಿನ ಅಮಿತ ಈಚೆ ಕಂಬ ನೆಟ್ಟ. ಆಚೆ ಸುಂದರಾ ಆಳು ಹಚ್ಚಿ ನೆಡಿಸಿದಳು. ಜಾಳಿ ಸುತ್ತಿ ಬಂದು ಗಡಿಯ ಮೇಲೆಯೇ ಮುಗಿಯಿತು. ಎರಡು ತುದಿಗಳ ನಡುವೆ ನಾಲ್ಕಡಿ ಬಾಯಿ ತೆರೆದೇ ಉಳಿಯಿತು. ಅಮಿತ ಅದನ್ನೇ ನೋಡುತ್ತ ನಿಂತ.

“ನಾಳಿ ತರ್ತೀನಿ.”

“ನಾಳಿತನಾ ಆಕಿನ್ನ ದಾವಣಿಗೆ ಕಟ್ಟಲ್ಯಾ?”

ಸುಂದರಾ ಜಾಲಿಮರದ ಮುಳ್ಳುಕಂಟಿಯೊಂದನ್ನು ಎಳೆದು ತಂದು ಬಾಯಿಗೆ ಒತ್ತಿದಳು. ಆಗಲೇ ಅಪ್ಪಾಸಾಬನ ಬೈಕು ಬಂತು. ಅವಳ ಕೈ ಅಲ್ಲೇ ನಿಂತಿತು. ಅವನು ಇಳಿದು ಕಂಬ, ಜಾಳಿ, ತಮ್ಮನ ಮುಖ, ಬಗಲಿನಿಂದ ಜಾರಲು ಹವಣಿಸುತ್ತಿದ್ದ ಕೂಸು, ಎಲ್ಲವನ್ನೂ ನೋಡಿದ. ಕೊನೆಗೆ ಆಡಿಗೆ ಹೇಳಿದ: “ಒಂದ ಕಂಟಿ ಸಾಲೂದಿಲ್ಲ. ಇನ್ನೊಂದ ತರಾಕ ಹೇಳ.”

ಎರಡನೆಯದನ್ನು ಅವನೇ ಎಳೆದು ತಂದ.

ಎಲ್ಲರೂ ಹೋದ ಮೇಲೆ ಪ್ರಾಜಕ್ತಾ ಕಂಟಿಗಳನ್ನು ಜಗ್ಗಿ ನೋಡಿದಳು. ಮನೆಯ ಬಾಗಿಲತನಕ ಹೋಗಿ, ತಿರುಗಿ ಬಂದು ಮತ್ತೆ ಜಗ್ಗಿದಳು.