ಹದಿಮೂರನೆಯ ಸದಸ್ಯ

ಗಣರಾಜ್ಯ ಹುಟ್ಟಿ ಹದಿನೇಳು ದಿನವಾಗಿತ್ತು. ಸಂಸತ್ತಿಗೆ ಸ್ವಂತ ಸೂರಿಲ್ಲದ್ದರಿಂದ ಸಾಂತಾ ಇಫಿಹೇನಿಯಾ ಮಠದ ಊಟದ ಮನೆಯಲ್ಲೇ ಸಭೆ. ಸ್ಪೇನಿನ ದೊರೆಯ ಪಟ ಇಳಿಸಿದ ಜಾಗದಲ್ಲಿ ಗೋಡೆ ಇನ್ನೂ ಬೆಳ್ಳಗಿತ್ತು. ಇಪ್ಪತ್ತೈದು ಸದಸ್ಯರಲ್ಲಿ ಹನ್ನೆರಡು ಮಂದಿ ಚಳಿಜ್ವರ ಬಂದು ಮಲಗಿದ್ದರು.

ಕುದುರೆ ಜೀನು ಹೊಲಿಯುವ ಸದಸ್ಯ ಕ್ರಿಸಾಂತೊ ಉರ್ಬಿನಾ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಅವನ ಮಗ ಫೆರ್ಮಿನ್ ಸಿಪಾಯಿ. ತಾಯಿ ಸತ್ತ ಸುದ್ದಿ ಕೇಳಿ ಪಹರೆ ಬಿಟ್ಟು ಮಣ್ಣಿಗೆ ಬಂದಿದ್ದ. ಅದಕ್ಕೆ ಸೇನೆ ಅವನನ್ನು ಸಂಜೆ ಐದಕ್ಕೆ ಗುಂಡಿಕ್ಕಿ ಕೊಲ್ಲುವುದಿತ್ತು. ಕ್ಷಮಿಸುವ ಅಧಿಕಾರ ಸಂಸತ್ತಿಗೆ ಮಾತ್ರ.

ಅಧ್ಯಕ್ಷ ಪಾದ್ರಿ ಬಾಲ್ತಸಾರ್ ನಿಯಮದ ಪುಸ್ತಕ ತೆರೆದರು. ಯಾವುದೋ ಫ್ರೆಂಚ್ ಪುಸ್ತಕ ನೋಡಿ ಅವರೇ ಬರೆದುಕೊಂಡಿದ್ದು. ಈಗ ಬೈಬಲ್ಲಿಗಿಂತ ಅದರ ಮೇಲೇ ಅವರಿಗೆ ಭಕ್ತಿ ಜಾಸ್ತಿ.

“ರಕ್ತಸಂಬಂಧಿ ವಿಷಯ ಬಂದಾಗ ಸದಸ್ಯ ಹೊರಗೆ ಹೋಗ್ಬೇಕು. ಏಳಪ್ಪ ಕ್ರಿಸಾಂತೊ.”

“ನಾನು ಹೋದ್ರೆ ಹನ್ನೆರಡೇ ಜನ ಉಳೀತೀರಿ ಪಾದ್ರಿಗಳೇ. ಹದಿಮೂರಿಲ್ದೆ ಸಭೆ ನಡೆಯಲ್ಲ ಅಂದೋರು ನೀವೇ.”

“ಹೌದು, ನಡೆಯಲ್ಲ.”

“ಮತ್ತೆ ನನ್ ಮಗ?”

ಪಾದ್ರಿಗಳು ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

“ಜೀನು ಹೊಲ್ದಂಗಲ್ಲಪ್ಪ ದೇಶ ಕಟ್ಟೋದು,” ಎಂದು ಮೀಸೆಯಡಿ ನಕ್ಕ ಸದಸ್ಯರ ಸಾಲಿನಲ್ಲಿದ್ದ ಕರ್ನಲ್ ಅನ್ಸೆಲ್ಮೊ. ಪಹರೆ ಬಿಟ್ಟವನಿಗೆ ಗುಂಡೇ ಸರಿ ಎಂದು ಬೆಳಗಿನಿಂದ ಸಾರುತ್ತಿದ್ದವನು ಅವನೇ.

ಕ್ರಿಸಾಂತೊ ಬೀದಿಗೆ ಓಡಿದ. ಕಾಯಿಲೆ ಬಿದ್ದವರಲ್ಲಿ ಒಬ್ಬನಾದರೂ ಬರಬೇಕಿತ್ತು. ಮೊದಲ ಮನೆಯ ಸದಸ್ಯನಿಗೆ ಪ್ರಜ್ಞೆಯಿಲ್ಲ. ಎರಡನೆಯವನ ಹೆಂಡತಿ ಬಾಗಿಲೇ ತೆಗೆಯಲಿಲ್ಲ. ಅಲೆದೂ ಅಲೆದೂ ಮಧ್ಯಾಹ್ನ ಕಳೆಯಿತು. ಕೊನೆಗೆ ಹಿಲಾರಿಯೋನ್ ಮೇಷ್ಟ್ರ ಮನೆ. ಫೆರ್ಮಿನ್‌ಗೆ ಅಕ್ಷರ ಕಲಿಸಿದ ಎಪ್ಪತ್ತರ ಮುದುಕರು ಜೋಲಿಯಲ್ಲಿ ನಡುಗುತ್ತಾ ಮಲಗಿದ್ದರು.

“ಬರ್ತೀನಿ ಕಣಪ್ಪ. ನಡೆಯೋಕೆ ಮಾತ್ರ ಆಗಲ್ಲ.”

ಕ್ರಿಸಾಂತೊ ಅವರನ್ನು ಬೆನ್ನ ಮೇಲೆ ಹೊತ್ತ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ತಾನು ಮಾಡುತ್ತಿರುವುದು ಪಾಪ ಎಂದು ಅವನಿಗೆ ಗೊತ್ತಿತ್ತು. ಆದರೂ ದಾರಿಯಲ್ಲಿ ಎಲ್ಲೂ ಇಳಿಸಲಿಲ್ಲ.

ಮೇಷ್ಟ್ರನ್ನು ಕರ್ನಲ್ ಪಕ್ಕ ಕೂರಿಸಿ, ಹೊರಗೆ ಹೋಗಿ ಕಿಟಕಿಯ ಸರಳು ಹಿಡಿದು ನಿಂತಾಗ ನಾಲ್ಕೂವರೆ.

“ಕ್ಷಮೆ ಕೊಡೋಣ ಅನ್ನೋರು ಎದ್ದು ನಿಲ್ಲಿ,” ಎಂದರು ಪಾದ್ರಿಗಳು. “ಕೂತೋರೆಲ್ಲ ವಿರೋಧ. ಏಳು ಜನ ನಿಂತ್ರೆ ಕ್ಷಮೆ.”

ಆರು ಜನ ಎದ್ದರು. ಮೇಷ್ಟ್ರು ಬೆಂಚು ಹಿಡಿದು ಅರ್ಧ ಎದ್ದು ಧೊಪ್ಪನೆ ಕೂತರು. ಮತ್ತೆ ಎದ್ದರು, ಮತ್ತೆ ಕುಸಿದರು.

“ಅವರು ನಮ್ ಕಡೆ ಪಾದ್ರಿಗಳೇ! ಬಾಯಲ್ಲಿ ಹೇಳ್ತಾರೆ, ಕೇಳಿ!” ಕ್ರಿಸಾಂತೊ ಕಿರುಚಿದ.

“ನಿಂತೋರನ್ನ ಎಣಿಸು ಅಂತ ಪುಸ್ತಕದಲ್ಲಿದೆ, ಅಷ್ಟೆ. ನೀನು ಒಳಗೆ ಕಾಲಿಟ್ರೆ ಮತವೇ ರದ್ದು.”

ಹತ್ತು ಹೆಜ್ಜೆ ದೂರದಲ್ಲಿ ಮಗನ ಜೀವ ಎದ್ದೂ ಬಿದ್ದೂ ಒದ್ದಾಡುತ್ತಿತ್ತು. ಕೈ ಚಾಚಿ ಎತ್ತುವಂತಿಲ್ಲ. ಕ್ರಿಸಾಂತೊ ಸರಳಿಗೆ ಹಣೆ ಚಚ್ಚಿಕೊಂಡ.

ಕಾರ್ಯದರ್ಶಿ “ಆರು” ಎಂದು ಬರೆಯಲು ಹೊರಟಾಗ ಮೇಷ್ಟ್ರು ಮೂರನೆಯ ಸಲ ಎದ್ದು ಮುಂದಕ್ಕೆ ವಾಲಿದರು. ಕರ್ನಲ್ ಬೈದುಕೊಂಡೇ ಮೇಲೆದ್ದು, ಕಂಕುಳಿಗೆ ಕೈಹಾಕಿ, ಅವರನ್ನು ನೆಟ್ಟಗೆ ನಿಲ್ಲಿಸಿ ಹಿಡಿದ.

“ಕರ್ನಲ್, ನೀವೂ... ನಿಂತಿದೀರಿ,” ಎಂದ ಕಾರ್ಯದರ್ಶಿ.

“ಕಣ್ಣಿದೆಯಲ್ಲ, ಎಣಿಸ್ಕೋ! ಮುದುಕ ಕೆಂಡ ಆಗಿದಾನೆ.”

“ಎಂಟು.”

ಸಹಿಯಾದ ಕಾಗದ ಹಿಡಿದು ಸವಾರನೊಬ್ಬ ಸೇನೆಯ ಬಿಡಾರಕ್ಕೆ ಹಾರಿಹೋದ. ಕ್ರಿಸಾಂತೊ ಒಳಗೆ ನುಗ್ಗಿ ಕರ್ನಲ್ ಕೈ ಹಿಡಿಯಹೋದ.

“ನಿನ್ ಮಗನ ವಿಷಯದಲ್ಲಿ ನನ್ ಮಾತು ಬದಲಾಗಿಲ್ಲ,” ಎಂದು ಕರ್ನಲ್ ಮುದುಕನನ್ನು ಅವನ ತೋಳಿಗೆ ಒಪ್ಪಿಸಿದ. “ಇವರನ್ನ ಹಿಡ್ಕೋ.”

ಕ್ರಿಸಾಂತೊ ನೆಲದ ಮೇಲೆ ಕೂತು ಮೇಷ್ಟ್ರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

“ನಾನು ನಿಂತ್ನಾ?” ಮೇಷ್ಟ್ರು ಕೇಳಿದರು.

“ನಿಂತ್ರಿ ಮೇಷ್ಟ್ರೇ.”

“ನಿಂತ್ನಾ?”

“ನಿಂತ್ರಿ. ಎಲ್ರೂ ನೋಡಿದಾರೆ.”

ಮೂರನೆಯ ಸಲ ಅವರು ಕೇಳಲಿಲ್ಲ. ಕ್ರಿಸಾಂತೊ ಮಾತ್ರ ಹೇಳುತ್ತಲೇ ಇದ್ದ.