ಮೂರನೇ ಪ್ರಕಟಣೆ

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರದೇ ಮದುವೆ ಗೊತ್ತಾದರೂ ಅದನ್ನು ಮೂರು ಭಾನುವಾರ ಎಲ್ಲರೆದುರು ಓದಬೇಕು. ಹೆಣ್ಣಿನ ಹೆಸರು, ಗಂಡಿನ ಹೆಸರು, ತಂದೆ ತಾಯಿಯ ಹೆಸರು, ವಯಸ್ಸು. ಓದಿ ಮುಗಿಸಿ ಪಾಸ್ಟರ್ ಕೇಳುತ್ತಾರೆ: ಈ ಮದುವೆಗೆ ಅಡ್ಡಿಯಾಗುವ ಸಂಗತಿ ಯಾರಿಗಾದರೂ ಗೊತ್ತಿದ್ದರೆ ಈಗ ಹೇಳಬೇಕು. ಕೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಒಂದೆರಡು ಮಕ್ಕಳು ಕೆಮ್ಮುತ್ತವೆ, ಹೊರಗೆ ನೇಸರಗಿ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಹೋಗುತ್ತದೆ, ಆಮೇಲೆ ಹಾಡು ಶುರುವಾಗುತ್ತದೆ.

ಜನವರಿಯ ಎರಡನೇ ಭಾನುವಾರ ಪಾಸ್ಟರ್ ಓದಿದ್ದು ರೇಣುವಿನ ಹೆಸರು. ಸಂಪಗಾಂವದ ಗೌಂಡಿ ದುರ್ಗಪ್ಪ ಮತ್ತು ಕೆಂಪವ್ವ ಇವರ ಮಗಳು, ವಯಸ್ಸು ಹದಿನೆಂಟು. ಗಂಡು ರಾಮದುರ್ಗದ ಮಧು, ವಯಸ್ಸು ಇಪ್ಪತ್ತೆಂಟು.

ರೇಣುವಿಗೆ ಹದಿನಾರು. ಅದು ನನಗೆ ಗೊತ್ತಿತ್ತು. ಯಾಕೆಂದರೆ ಅವಳನ್ನು ಹದಿನೆಂಟು ಮಾಡಿದವಳು ನಾನೇ.

ಸಭೆಯ ಬರೆಯುವ ಕೆಲಸವೆಲ್ಲ ಮೊದಲಿನಿಂದಲೂ ನನ್ನದು. ಬೈಲಹೊಂಗಲದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ ಡಿಗ್ರಿ ಓದಿದವಳು ಆಗ ನಾನೊಬ್ಬಳೇ. ಆರು ವರ್ಷದ ಹಿಂದೆ ದುರ್ಗಪ್ಪನ ಮನೆಯವರು ನಂಬಿಕೆಗೆ ಬಂದು ಮಲಪ್ರಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹನ್ನೆರಡು ತುಂಬದ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರದೆಂಬುದು ಸಭೆಯ ನಿಯಮ, ಮತ್ತು ಆಗಿನ ಹಿರಿಯ ಪಾಸ್ಟರ್ ನಿಯಮದಲ್ಲಿ ಬಹಳ ಬಿಗಿ. ರೇಣುವಿಗೆ ಹತ್ತು. ನದಿಯ ದಂಡೆಯಲ್ಲಿ ಕೆಂಪವ್ವ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಮನ್ಯಾಗಿನ ಮಂದಿ ಎಲ್ಲಾ ನೀರಿಗೆ ಇಳಿಯಾಕತ್ತೇವಿ. ಇಕಿ ಒಬ್ಬಾಕಿನ್ನ ದಂಡಿಮ್ಯಾಲೆ ಬಿಟ್ಟು ಹ್ಯಾಂಗ ಹೋಗೂದ್ರಿ?" ಹುಡುಗಿ ಪಕ್ಕದಲ್ಲಿ ನಿಂತು ಕಲಿತ ಬೈಬಲ್ ವಾಕ್ಯಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದಳು. ರಜಿಸ್ಟರ್ ನನ್ನ ತೊಡೆಯ ಮೇಲಿತ್ತು. ಹುಟ್ಟಿದ ವರ್ಷವನ್ನು ಎರಡು ಹಿಂದೆ ಸರಿಸಿ ಬರೆದೆ.

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಯಾರೂ ಏನೂ ಕೊಟ್ಟಿರಲಿಲ್ಲ. ದೇವರ ಕೆಲಸಕ್ಕೆ ಒಂದು ಸಣ್ಣ ಸಹಾಯ ಮಾಡಿದೆ ಅಂದುಕೊಂಡಿದ್ದೆ, ಸಂತೋಷವಾಗಿ ಮನೆಗೆ ಹೋಗಿದ್ದೆ. ಸಭೆಯ ಹೊರಗಿನ ಲೋಕದವರು ಹೀಗೆ, ಲೋಕದವರು ಹಾಗೆ ಎಂದು ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ನಾನು. ಸುಳ್ಳು ಲೋಕದಿಂದ ಒಳಗೆ ಬಂದಿರಲಿಲ್ಲ, ನನ್ನ ಪೆನ್ನಿನಿಂದ ಬಂದಿತ್ತು.

ಆ ವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಸಂಪಗಾಂವಕ್ಕೆ ಹೋದೆ. ಕೆಂಪವ್ವ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಬಿಡಿಸುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ. ಮದವಿ ಪತ್ರಿಕಿ ನಿಮ್ಮ ಕಡೆನ ಬರಸೂದು ಅಂತ ನಿನ್ನೆ ಅನ್ನಾಕತ್ತಿದ್ವಿ."

ಸುತ್ತಿಬಳಸಿ ಹೇಳುವುದು ನನ್ನಿಂದ ಆಗಲಿಲ್ಲ. "ಕೆಂಪಕ್ಕಾ, ರೇಣುಗ ಇನ್ನೂ ಹದಿನಾರು."

ಅವಳ ಕೈ ನಿಲ್ಲಲಿಲ್ಲ. "ರಜಿಸ್ಟರದಾಗ ಹದಿನೆಂಟ ಐತೆಲ್ಲರಿ."

"ಅದನ್ನ ಬರದಾಕಿ ನಾನ."

"ಹೌದಲ್ಲರಿ? ನೀವ ಬರದೀರಿ. ನಾ ಹೆಬ್ಬಟ್ಟಿನಾಕಿ, ನನಗೇನ ತಿಳೀತೈತಿ? ಅವತ್ತ ಖರೆ ಇದ್ದದ್ದು ಇವತ್ತ ಸುಳ್ಳ ಆತೇನು?"

"ಪಾಸ್ಟರ್ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲೇನು?"

"ಕೇಳಿದ್ರು. ಕಾಲೇಜಿನವರು ಇಟಗೊಂಡಾರ್ರಿ ಅಂದ್ವಿ. ಇಟಗೊಂಡಾರ, ಅದೇನ್ ಸುಳ್ಳಲ್ಲ." ಅವಳು ನಕ್ಕಳು. ನಾನು ನಗದೇ ಇದ್ದದ್ದನ್ನು ಕಂಡು ಮೊರವನ್ನು ಬದಿಗಿಟ್ಟಳು. "ಅಕ್ಕಾರ, ಸವದತ್ತ್ಯಾಗ ನಮ್ಮ ಭಾವ ಮಂದಿ ಮುಂದ ಏನಂತಾನ ಗೊತ್ತೈತೇನ್ರಿ? 'ದುರ್ಗ್ಯಾ ಏಸುನ ಬೆನ್ನ ಹತ್ಯಾನ, ಮಗಳಿಗೆ ಗಂಡನ್ನ ಆ ಏಸುನ ಹುಡುಕಿ ಕೊಡ್ಲಿ' ಅಂತಾನ. ಈಗ ಹುಡುಕಿ ಕೊಟ್ಟಾನ. ನಂಬಿದ ಮನಿ. ಹುಡುಗ ಕುಡಿಯೂದಿಲ್ಲ, ಬಡಿಯೂದಿಲ್ಲ. ಗೋವಾದಾಗ ಬಡಗಿ ಕೆಲಸ ಸಿಕ್ಕೈತಿ, ಮಾರ್ಚಿನ್ಯಾಗ ಹೊಂಟಾನ, ಹೋಗೂ ಮೊದ್ಲ ಮದವಿ ಆಗಬೇಕಂತಾರ. ಇದನ್ನ ಬಿಟ್ರ ನಮ್ಮೊಳಗ ಇನ್ನೊಂದ ಗಂಡ ಎಲ್ಲೈತ್ರಿ? ಎರಡ ವರ್ಷ ಕಾದು, ಆಮ್ಯಾಲೆ ನಮ್ಮ ಭಾವ ತೋರಿಸಿದ ಕುಡುಕಗ ಕೊಡ್ಲೇನು? ಆಕಿ ದೇವರ ಹಾದ್ಯಾಗ ಉಳೀಲಿ ಅಂತನ ನಾ ಇದನ್ನ ಮಾಡಾಕತ್ತೇನಿ."

ಕಾನೂನು ನನಗೆ ಗೊತ್ತಿತ್ತು, ಹೇಳಬಹುದಿತ್ತು. ಆದರೆ ಅವಳು ಆಡಿದ್ದು ನನ್ನದೇ ಮಾತು. ದೇವರಿಗೋಸ್ಕರ ಎರಡು ವರ್ಷ ಆಚೆ ಈಚೆ ಮಾಡಬಹುದು ಎಂದು ಅವಳಿಗೆ ಕಲಿಸಿದವಳು ನಾನು. ಒಂದು ಹಿಡಿ ಕಡಲೆಯನ್ನು ಸೆರಗಿನಲ್ಲಿ ಹಾಕಿಸಿಕೊಂಡು ಎದ್ದು ಬಂದೆ.

ಎರಡನೇ ಪ್ರಕಟಣೆಯ ಭಾನುವಾರ ಹತ್ತರ ಎಣಿಕೆಯಲ್ಲಿ ನಾನು ಏಳರವರೆಗೆ ಎಣಿಸಿದೆ. ನಾಲಿಗೆ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ಬಾಯವ್ವ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು, "ಯಾಕ್ರಿ ಅಕ್ಕಾರ, ಹಿಂಗ ನಡಗಾಕತ್ತೀರಿ? ಮದವಿ ನಿಮ್ಮದಲ್ಲ, ಆಕೀದು." ಹಿಂದಿನ ಸಾಲಿನವರು ನಕ್ಕರು. ಹಾಡು ಶುರುವಾಯಿತು.

ಆರಾಧನೆ ಮುಗಿದ ಮೇಲೆ ರೇಣು ಜಮಖಾನೆ ಸುತ್ತುತ್ತಿದ್ದಳು. ಇನ್ನೊಂದು ತುದಿಯನ್ನು ನಾನು ಹಿಡಿದೆ. ಅವಳು ಪಿಯುಸಿ ಮೊದಲ ವರ್ಷದಲ್ಲಿದ್ದಳು.

"ರೇಣು, ನಿನಗ ಈ ಮದವಿ ಬೇಕಾಗೈತೇನು?"

"ಬ್ಯಾಡ ಅನ್ನಾಕ ಅವರು ಕೆಟ್ಟವರಲ್ರಿ." ಅವಳು ಜಮಖಾನೆಯ ಅಂಚನ್ನು ಸರಿಮಾಡಿದಳು. "ಬೇಕು ಅನ್ನಾಕ... ಪರೀಕ್ಷಾ ಮಾರ್ಚಿನ್ಯಾಗ ಐತ್ರಿ. ಅವ್ವ, ಬರೀಬ್ಯಾಡ ಬಿಡು ಅಂದ್ಲು. ನಾ ರಾತ್ರಿ ಎಲ್ಲಾ ಅತ್ತೆ. ಆಮ್ಯಾಲೆ ಸುಮ್ಮನಾದೆ."

"ನಿನಗ ಹದಿನಾರ ಅಂತ ನಾ ಹೇಳಿದ್ರ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಹೆದರುತ್ತಾಳೆ, ಇಲ್ಲವೇ ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಅಕ್ಕಾರ, ನೀವು ಬರದದ್ದು ಸುಳ್ಳಾದ್ರ, ನನ್ನ ದೀಕ್ಷಾಸ್ನಾನನೂ ಸುಳ್ಳೇನ್ರಿ?"

ಕೆಂಪವ್ವ ಬಾಗಿಲಿನಿಂದ ಕೂಗಿದಳು. ರೇಣು ಓಡಿದಳು. ನಾನು ಸುತ್ತಿದ ಜಮಖಾನೆಯನ್ನು ಎತ್ತಿ ಮೂಲೆಗಿಟ್ಟೆ.

ಬುಧವಾರ ಪಾಸ್ಟರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಈ ಪಾಸ್ಟರ್ ಬಂದು ಎರಡು ವರ್ಷವಾಗಿದೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಅಕ್ಕಾರ, ಈಗಿನ ದಿನಾ ಹ್ಯಾಂಗದಾವ ನಿಮಗ ಗೊತ್ತೈತಿ. ಮತಾಂತರ ಮಾಡತೀರಿ ಅಂತ ಯಾರ್ಯಾರೋ ಬರತಾರ, ಯಾರಿಗೆ ದೀಕ್ಷಾಸ್ನಾನ ಕೊಟ್ಟೀರಿ, ರಜಿಸ್ಟರ್ ತೋರಸ್ರಿ ಅಂತಾರ. ಸಣ್ಣ ಹುಡುಗಿ ವಯಸ್ಸ ಸುಳ್ಳ ಬರದಾರ ಅಂತ ಗೊತ್ತಾದ್ರ ಏನಾಕ್ಕೈತಿ? ಒಂದ ಹೆಸರ ಸುಳ್ಳ ಅಂದ್ರ ಅದರಾಗಿನ ಅರವತ್ತ ಹೆಸರಿನ ಮ್ಯಾಲೂ ಸಂಶೇ ಬರತೈತಿ."

"ಹಂಗಾರ ನೀವ ನಿಲ್ಲಸ್ರಿ ಈ ಮದವಿ. ಮಾರ್ಕ್ಸ್ ಕಾರ್ಡ್ ಬೇಕ ಅನ್ರಿ. ನನ್ನ ಹೆಸರ ಬರೂದಿಲ್ಲ, ರಜಿಸ್ಟರ್ ಮಾತೂ ಬರೂದಿಲ್ಲ."

ಇದನ್ನು ಹೇಳುವಾಗ ನನಗೊಂದು ಸಮಾಧಾನವಾಗಿತ್ತು. ಬಸ್ಸಿನಲ್ಲಿ ಬರುವಾಗ ಯೋಚಿಸಿಟ್ಟುಕೊಂಡ ದಾರಿ ಅದು.

ಪಾಸ್ಟರ್ ಕುರ್ಚಿ ಎಳೆದು ನನ್ನೆದುರು ಕೂತರು. "ಅನ್ನಬಹುದು. ಆದ್ರ ದುರ್ಗಪ್ಪ ಊರ ಮುಂದ ಸುಳ್ಳಗಾರ ಆಕ್ಕಾನ, ನೀವು ಆಗೂದಿಲ್ಲ." ಆಮೇಲೆ ಹೇಳಿದರು, "ನನಗೂ ಅಂಜಿಕಿ ಐತ್ರಿ, ಸುಳ್ಳ ಯಾಕ ಹೇಳ್ಲಿ. ಮದವಿ ಅಂತೂ ನಾ ಮಾಡ್ಸೂದಿಲ್ಲ, ಇಷ್ಟ ಗೊತ್ತಾದ ಮ್ಯಾಲೆ. ಹ್ಯಾಂಗ ನಿಲ್ಲಬೇಕು ಅನ್ನೂದು ಭಾನುವಾರದ ತನಕ ನಿಮಗ ಬಿಟ್ಟೇನಿ."

ಅವರು ಹೇಳಿದ್ದು ಸರಿ. ಮದುವೆ ನಿಲ್ಲುವುದು ಬೇರೆ, ನಾನು ಎದ್ದು ನಿಲ್ಲುವುದು ಬೇರೆ. ದುರ್ಗಪ್ಪನ ಹಿಂದೆ ಅಡಗಿಕೊಂಡು ಮದುವೆ ನಿಲ್ಲಿಸಿದರೆ, ನನ್ನ ಸುಳ್ಳು ಪುಸ್ತಕದಲ್ಲಿ ಹಾಗೆಯೇ ಇರುತ್ತಿತ್ತು. ಇನ್ನೊಬ್ಬರ ಮನೆಯ ಮರ್ಯಾದೆ ಅದರ ಬೆಲೆಯಾಗುತ್ತಿತ್ತು.

ಮೂರನೇ ಪ್ರಕಟಣೆಯ ಭಾನುವಾರ ದುರ್ಗಪ್ಪ ಹೊಸ ಬಿಳಿ ಅಂಗಿ ತೊಟ್ಟು ಗಂಡಸರ ಸಾಲಿನ ಮುಂದೆ ಕೂತಿದ್ದ. ಆ ಪ್ರಾರ್ಥನಾ ಮಂದಿರದ ಗೋಡೆಗಳನ್ನು ಕೂಲಿ ಇಲ್ಲದೆ ಕಟ್ಟಿಕೊಟ್ಟವನು ಅವನು. ಪಾಸ್ಟರ್ ಹೆಸರುಗಳನ್ನು ಓದಿದರು. ವಯಸ್ಸು ಓದುವಾಗ ಅವರ ದನಿ ಇಳಿಯಿತು. ಅಡ್ಡಿ ಇದ್ದವರು ಹೇಳಬೇಕೆಂದು ಕೇಳಿ ನಿಂತರು.

ನಾನು ಎಣಿಸಲಿಲ್ಲ. ಎಣಿಸಿದರೆ ಹತ್ತು ಮುಗಿದುಹೋಗುತ್ತದೆ ಎಂದು ಗೊತ್ತಿತ್ತು. ಎದ್ದೆ.

"ನನಗ ಗೊತ್ತೈತಿ," ಎಂದೆ. ಎಲ್ಲರೂ ತಿರುಗಿದರು. ಬಾಯವ್ವ ನನ್ನ ಸೀರೆ ಹಿಡಿದು ಎಳೆದಳು, "ಕುಂದರ್ರಿ, ಏನಾತು ನಿಮಗ?"

"ರೇಣುಗ ಹದಿನೆಂಟ ಆಗಿಲ್ಲ. ಹದಿನಾರು. ಆಕಿ ದೀಕ್ಷಾಸ್ನಾನದ ದಿನ ನಮ್ಮ ರಜಿಸ್ಟರದಾಗ ಎರಡ ವರ್ಷ ಹೆಚ್ಚ ಬರದಾಕಿ ನಾನು. ಗೊತ್ತಿದ್ದ ಬರದೆ. ಆ ತಾರೀಖ ಸುಳ್ಳು. ಆ ಹುಡುಗಿ ನಂಬಿಕಿ ಸುಳ್ಳಲ್ಲ, ಅವತ್ತೂ ಅಲ್ಲ, ಇವತ್ತೂ ಅಲ್ಲ. ಸುಳ್ಳ ನನ್ನದು. ದೇವರು ನನ್ನ ಕ್ಷಮಿಸ್ಲಿ, ನೀವೂ ಕ್ಷಮಿಸ್ರಿ."

ಇನ್ನೂ ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡದ್ದಿತ್ತು. ಅದನ್ನು ಓದದೆ ಮಡಚಿಕೊಂಡೆ.

ಕೆಂಪವ್ವ ಎದ್ದು ನಿಂತಳು. "ಏನ್ ದೊಡ್ಡ ಸತ್ಯವಂತಿ ಬಂದಾಳ ನೋಡ್ರಿ! ಆರು ವರ್ಷ ಎಲ್ಲಿ ಇಟ್ಟಿದ್ದಿ ಈ ಸತ್ಯನ್ನ? ನನ್ನ ಮಗಳ ಮದವ್ಯಾಗ ತಗದೆಲ್ಲ! ನಿನ್ನ ಮಕ್ಕಳಿದ್ರ ತಗೀತಿದ್ದಿ?" ನನ್ನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ ಅವಳು. ನನಗೆ ಮಕ್ಕಳಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಗಂಡಸರ ಕಡೆಯಿಂದ ಯಾರೋ, "ಪುಸ್ತಕದಾಗ ಇದ್ದದ್ದ ಖರೆ, ಮುಂದ ನಡಸ್ರಿ," ಎಂದರು.

ಪಾಸ್ಟರ್ ದುರ್ಗಪ್ಪನ ಕಡೆ ತಿರುಗಿದರು. "ದುರ್ಗಪ್ಪಣ್ಣಾ, ನೀವ ಹೇಳ್ರಿ. ಅಕ್ಕಾರು ಹೇಳಿದ್ದು ಖರೆ ಏನು?"

ಅವನು ಇಲ್ಲ ಎಂದಿದ್ದರೆ ಅರ್ಧ ಸಭೆ ನಂಬುತ್ತಿತ್ತು. ಅವನು ಎದ್ದ. ಹೊಸ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಪಕ್ಕದ ಗೋಡೆಗೆ ಅಂಗೈ ಊರಿದ. ಕೆಂಪವ್ವ ಅವನನ್ನೇ ನೋಡುತ್ತಿದ್ದಳು. ರೇಣು ಮುಖ ಮುಚ್ಚಿಕೊಂಡಿದ್ದಳು.

"ಖರೆ ಐತ್ರಿ," ಅಂದ. "ಈ ಗ್ವಾಡಿ ಒಳಗ ನಿಂತು ಅಲ್ಲ ಅನ್ನಾಕ ನನಗ ಆಗೂದಿಲ್ಲ. ಹದಿನಾರು." ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹೆಂಡತಿ ಮಗಳು ಅವನ ಹಿಂದೆ ಹೋದರು. ಆ ದಿನ ಹಾಡು ಶುರುವಾಗಲಿಲ್ಲ.

ಹಿರಿಯರೆದುರು ರಜಿಸ್ಟರಿನಲ್ಲಿ ಆ ವರ್ಷವನ್ನು ಹೊಡೆದು, ಸರಿಯಾದದ್ದನ್ನು ಬರೆದು ಸಹಿ ಮಾಡಿದೆ. ಬರೆಯುವ ಕೆಲಸವನ್ನು ನನ್ನಿಂದ ತೆಗೆದರು; ಅದು ನ್ಯಾಯವೇ. ಪಾಸ್ಟರ್ ಅಂಜಿದ ಹಾಗೆ ಈವರೆಗೆ ಯಾರೂ ಬಂದು ಪುಸ್ತಕ ಕೇಳಿಲ್ಲ. ಆದರೂ ಆರಾಧನೆಯ ಹೊತ್ತಿನಲ್ಲಿ ಗೇಟಿನ ಹತ್ತಿರ ಬೈಕು ನಿಂತರೆ ನನ್ನ ಕಣ್ಣು ಕಿಟಕಿಗೆ ಹೋಗುತ್ತದೆ. ರಾಮದುರ್ಗದವರಿಗೂ ಹದಿನೆಂಟು ಎಂದೇ ಹೇಳಿದ್ದರಂತೆ. ಎರಡು ವರ್ಷ ಕಾಯುವುದಿಲ್ಲ ಎಂದು ಅವರು ಫೋನಿನಲ್ಲೇ ಮುಗಿಸಿದರು. ಸವದತ್ತಿಯ ಭಾವ ಇದನ್ನು ಕೇಳಿ ಪೇಟೆಯಲ್ಲಿ ಪೇಡೆ ಹಂಚಿದನೆಂದು ಬಾಯವ್ವ ಹೇಳಿದಳು. ನಾನು ಎರಡು ಸಲ ಸಂಪಗಾಂವಕ್ಕೆ ಹೋದೆ, ಎರಡು ಸಲವೂ ಕೆಂಪವ್ವ ಬಾಗಿಲು ತೆರೆಯಲಿಲ್ಲ. ರೇಣು ಪರೀಕ್ಷೆ ಬರೆದಳೆಂದು ಅವಳ ಕಾಲೇಜಿನವರಿಂದ ತಿಳಿಯಿತು.

ಏಪ್ರಿಲಿನ ಮೊದಲ ಭಾನುವಾರ ದುರ್ಗಪ್ಪ ಒಬ್ಬನೇ ಬಂದ. ಕೊನೆಯ ಸಾಲಿನಲ್ಲಿ ಕೂತ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಏಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಂಡು ತಿನ್ನುವ ಆಚರಣೆ. ರೊಟ್ಟಿಯ ತಟ್ಟೆ ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಹೋಗುತ್ತದೆ. ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಅದನ್ನು ಮುಟ್ಟಬಾರದು. ತಟ್ಟೆ ದುರ್ಗಪ್ಪನ ಕೈಗೆ ಬಂತು. ಅವನು ತೆಗೆದುಕೊಳ್ಳದೆ ಪಕ್ಕದವನಿಗೆ ದಾಟಿಸಿದ. ಹೆಂಗಸರ ಸಾಲಿನಲ್ಲಿ ಅದು ನನ್ನ ಹತ್ತಿರ ಬಂದಾಗ ನಾನೂ ಬಾಯವ್ವನಿಗೆ ದಾಟಿಸಿದೆ. ಅವನ ಮೇಲೆ ನನಗೆ ಕಹಿ ಇರಲಿಲ್ಲ. ಆದರೆ ನನ್ನಿಂದ ನೊಂದವನು ಹಸಿದು ಕೂತಿರುವಾಗ ಆ ತುಣುಕನ್ನು ನಾನು ಹೇಗೆ ತಿನ್ನಲಿ?

ಹೊರಗೆ ಬಂದಾಗ ಅವನು ಗೇಟಿನ ಹತ್ತಿರ ನಿಂತಿದ್ದ.

"ಪಾಸ್ಟರ್ ಕ್ಷಮಿಸು ಅಂತಾರ್ರಿ," ಅಂದ, ನನ್ನ ಮುಖ ನೋಡದೆ. "ಖರೆ ಹೇಳೀರಿ, ಅದ್ ನನಗ ತಿಳೀತೈತಿ. ಆದ್ರ ಕ್ಷಮಿಸಾಕ ಇನ್ನೂ ಆಗವಲ್ದು. ಸುಳ್ಳ ಸುಳ್ಳ ಕ್ಷಮಿಸೇನಿ ಅನ್ನಾಕೂ ಬರವಲ್ದು."

"ಅನ್ನಬ್ಯಾಡ್ರಿ," ಎಂದೆ. "ಆಗೂ ತನಕ ನಾನೂ ತಟ್ಟಿ ಮುಟ್ಟೂದಿಲ್ಲ."

ಅವನು ತಲೆಯಾಡಿಸಿದ. ಸಂಪಗಾಂವದ ಬಸ್ಸು ಬಂತು. ಅವನು ಹತ್ತಿ ಹೋದ.