ಒಡೆದು ನೋಡಿದ ಗಾಜು

ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರಿ ಗುರುಸಂಗಪ್ಪ ಕಲ್ಯಾಣ ಮಂಟಪ ಕಟ್ಟಿಸಿ, ಅದಕ್ಕೆ ಗಾಜಿನ ಬಾಗಿಲು ಕೂರಿಸಿದ್ದು ಎರಡು ಸಾವಿರದ ಮೂರನೆಯ ಇಸವಿಯಲ್ಲಿ. ಆಳೆತ್ತರದ ಎರಡು ಕದ, ಅವುಗಳ ಅತ್ತಿತ್ತ ಒಂದೊಂದು ಹಲಗೆ, ಎಲ್ಲವೂ ತಿಳಿಗಾಜು. ಅಲ್ಲಿ ಗಾಜಿದೆಯೆಂದೇ ತಿಳಿಯದೆ ಊರಿನ ದೊಡ್ಡ ಮನುಷ್ಯರೆಲ್ಲ ಹಣೆ ಜಜ್ಜಿಕೊಂಡರು. ಜಜ್ಜಿಕೊಂಡ ಹಣೆ ಉಜ್ಜಿಕೊಳ್ಳುತ್ತಲೇ 'ಭೇಷ್' ಎಂದು ಹೋದರು. ಸಾಹುಕಾರರ ಬಾಗಿಲಲ್ಲವೆ, ಬಡಿದರೂ ಹೊಗಳಬೇಕು.

ಆ ಬಾಗಿಲನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ಗುರುಸಂಗಪ್ಪನ ಅಕ್ಕ ಜಂಬಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮನ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಾಗ, ಕೂಸು ಪುಷ್ಪಲತಾಳನ್ನು ಎದೆಗವಚಿಕೊಂಡು ಸಾಕಿದವಳೂ ಅವಳೇ. ಇಷ್ಟಾದರೂ ಮನೆತನದಲ್ಲಿ ಯಾರದೇ ಮದುವೆಯಾಗಲಿ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಜಂಬಕ್ಕ ಅಡುಗೆಮನೆ ಸೇರಬೇಕು. ಗಂಡ ಸತ್ತವಳು ಮುಂದೆ ಸುಳಿಯಬಾರದಂತೆ. ಯಾವ ಶರಣರು ಹಾಗೆ ಹೇಳಿದ್ದರೋ ಕಾಣೆ, ಹಣೆ ತುಂಬ ವಿಭೂತಿ ಬಳಿದುಕೊಂಡವರೇ ಅದನ್ನು ತಪ್ಪದೆ ಪಾಲಿಸುತ್ತಿದ್ದರು. ಹೀಗಾಗಿ ಜಂಬಕ್ಕ ಮದುವೆಗಳನ್ನೆಲ್ಲ ಕಿವಿಯಲ್ಲೇ ಕಂಡವಳು.

ಈಗ ಪುಷ್ಪಲತಾಳದೇ ಮದುವೆ, ಹೊಸ ಮಂಟಪದ ಮೊದಲ ಮದುವೆ. ಹೊರಗಿನ ಪಡಸಾಲೆಯಲ್ಲಿ ನಿಂತರೆ ಸಾಕು, ಯಾರಿಗೂ ಅಡ್ಡ ಬರದೆ ಗಾಜಿನಾಚೆಯಿಂದ ಎಲ್ಲವನ್ನೂ ಕಣ್ತುಂಬ ನೋಡಬಹುದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿನಾ ಬಂದು ಸೆರಗಿನಿಂದ ಗಾಜು ಒರೆಸಿ ಹೋಗುತ್ತಿದ್ದಳು, ಅಷ್ಟೆ.

ಮದುವೆಗೆ ವಾರವಿದ್ದಾಗ ದಾವಣಗೆರೆಯಿಂದ ಶಿವಯೋಗಪ್ಪನೆಂಬಾತ ಬಂದ. ಕಟ್ಟಡಗಳ ಬಾಗಿಲು, ಕಿಟಕಿ, ಗಾಜು ಪರೀಕ್ಷಿಸುವುದು ಅವನ ಕಸುಬು. ಮಾರುವವನ ಕಡೆಯವನೂ ಅಲ್ಲ, ಕಟ್ಟಿಸಿದವನ ಕಡೆಯವನೂ ಅಲ್ಲ. ಗುರುಸಂಗಪ್ಪ ಅವನನ್ನು ಕರೆಸಿದ್ದು ಸಂಶಯದಿಂದಲ್ಲ. 'ಪಾಸಾಗಿದೆ' ಎಂಬ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಚಪಲದಿಂದ.

ಶಿವಯೋಗಪ್ಪ ಕಿಟಕಿಗಳಿಗೆ ಪೈಪಿನಿಂದ ನೀರು ಹೊಡೆದು ನೋಡಿದ, ಒಂದು ಹನಿಯೂ ಒಳಗೆ ಬರಲಿಲ್ಲ. ಗುರುಸಂಗಪ್ಪನ ಮೀಸೆ ಅರಳಿತು. ಆಮೇಲೆ ಶಿವಯೋಗಪ್ಪ ಗಾಜಿನ ಗುಣ ನೋಡಲೆಂದೇ ಇಟ್ಟಿದ್ದ ಬೇರೆ ಕನ್ನಡಕ ಹಾಕಿಕೊಂಡು ಗಾಜಿನ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತ.

"ಸಾಹುಕಾರ್ರೆ, ಇದು ಟಫನ್ ಗ್ಲಾಸ್ ಅಲ್ಲ ಅನಸ್ತತಿ. ಟಫನ್ ಒಡೆದ್ರೆ ಕಲ್ಲುಸಕ್ಕರಿ ಹಂಗ ಉದುರಿ ಬೀಳ್ತತಿ. ಸಾದಾ ಗಾಜು ಒಡೆದ್ರೆ ಒಂದೊಂದು ಚೂರೂ ಕುಡುಗೋಲು."

"ಅಂಗಡಿಯವ ಆಣಿ ಮಾಡಿ ಕೊಟ್ಟಾನ್ರಿ, ಗಟ್ಟಿ ಗಾಜು ಅಂತ."

"ಹಂಗಾದ್ರೆ ಪಕ್ಕದ ಹಲಗಿ ಒಂದು ಬಿಚ್ಚಿ ಒಡೆದು ನೋಡಾಣ. ಖಾತ್ರಿ ಆಗ್ತತಿ."

ದೀಪ ಆರಿತು ಎನ್ನದೆ ದೊಡ್ಡದಾಯಿತು ಎನ್ನುವ, ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ಜನ ಇವರು. ಇವರ ಮುಂದೆ, ಅದೂ ಮದುವೆಯ ವಾರದಲ್ಲಿ, ಗಾಜು ಒಡೆಯುವ ಮಾತು! ಗುರುಸಂಗಪ್ಪ ಕೆಂಡವಾದ.

"ಬಾಯಿ ತೊಳಕೊಳ್ರಿ ಮೊದಲು! ಮದುವಿ ಮನ್ಯಾಗ ಗಾಜು ಒಡೀತಾರೇನ್ರಿ ಯಾರರ?"

"ಒಡಿಯೋನು ನಾನು, ನೀವಲ್ಲ."

"ನೀವು ಒಡದು ಬಸ್ ಹತ್ತಿ ಹೋಗ್ತೀರಿ. ಅಪಶಕುನ ಇಲ್ಲೇ ಕುಂದರತೈತಿ."

ಶಿವಯೋಗಪ್ಪ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡ. "ನಿಮ್ಮಿಷ್ಟ. ಪಾಸ್ ಅಂತ ನಾನು ಬರಿಯಲ್ಲ. ಅಕ್ಕಿಕಾಳು ಹಾಕಾಕೆ ಹುಡುಗ್ರು ಓಡಿ ಬರ್ತಾವು. ಗಾಜು ಕಣ್ಣಿಗೆ ಕಾಣಲ್ಲ. ಇಷ್ಟು ಹೇಳದೆ ಹೋದ್ರೆ ನನಗೆ ನಿದ್ದಿ ಬರಲ್ಲ."

ಪಡಸಾಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಜಂಬಕ್ಕ ಮೆಲ್ಲಗೆ ಕೇಳಿದಳು: "ಕೆಟ್ಟ ಗಾಜು ಅಂತಾದ್ರ ಏನ್ ಹಾಕ್ತಾರ್ರಿ?"

"ಬ್ಯಾರೆ ಗಾಜು ತರಿಸಾಕೆ ಈಗ ಟೈಮಿಲ್ಲಮ್ಮ. ಕಟ್ಟಿಗಿ ಕದನೇ ಗತಿ."

ಕಟ್ಟಿಗೆ ಕದದಾಚೆ ಏನು ಕಂಡೀತು? ಜಂಬಕ್ಕ ಸುಮ್ಮನಿದ್ದರೆ ಸಾಕಿತ್ತು. ಪರೀಕ್ಷೆ ಮಾಡುವವನು ಹೊರಟೇ ಬಿಡುತ್ತಿದ್ದ, ಗಾಜು ಉಳಿಯುತ್ತಿತ್ತು, ಯಾರೂ ಅವಳನ್ನು ದೂರುತ್ತಿರಲಿಲ್ಲ. ಆದರೆ ಅಕ್ಕಿಕಾಳಿನ ಹೊತ್ತಿಗೆ ಓಡುವ ಮಕ್ಕಳ ಕಾಲಸಪ್ಪಳ ಅವಳಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಅಡುಗೆಮನೆಯಲ್ಲಿ ಕೂತು ಅವಳು ಕೇಳಿದ್ದೆಲ್ಲ ಅದನ್ನೇ. ಒಂದು ಕಾಲದಲ್ಲಿ ಪುಷ್ಪಲತಾಳ ಪುಟ್ಟ ಕಾಲುಗಳೂ ಅವುಗಳ ನಡುವೆ ಇದ್ದವು.

"ಸುತ್ತಿಗಿ ನನಗ ಕೊಡ್ರಿ," ಎಂದಳು.

"ಅಕ್ಕಾ!"

"ಸುಮ್ನಿರೋ ಸಂಗಪ್ಪ. ಅಪಶಕುನ ಅಂತ ನೀವು ದೂರ ಇಟ್ಟಾಕಿ ನಾನು. ನನ್ನ ಕೈಲೆ ಗಾಜು ಒಡದ್ರ ಹೊಸದೇನು ಬಂದೀತು?"

ಶಿವಯೋಗಪ್ಪ ಚೀಲದಿಂದ ಸುತ್ತಿಗೆ ತೆಗೆದು ಅವಳ ಕೈಗಿಟ್ಟ. ಅವಳ ಮಾತಿಗೆ ಉತ್ತರ ಕೊಡುವವರು ಎಷ್ಟೋ ವರ್ಷಗಳ ಹಿಂದೆಯೇ ಕೊಡಬೇಕಿತ್ತು.

ಹಲಗೆ ಬಿಚ್ಚಿ ಅಂಗಳದಲ್ಲಿ ಮಲಗಿಸಿ ಕಂಬಳಿ ಹೊದಿಸಿದರು. ಶಿವಯೋಗಪ್ಪ ಜಂಬಕ್ಕನ ಕಣ್ಣಿಗೆ ತನ್ನ ದಪ್ಪ ಕನ್ನಡಕ ಹಾಕಿ, ಎಲ್ಲಿ ಹೊಡೆಯಬೇಕೆಂದು ತೋರಿಸಿದ. ಅವಳು ಹಲ್ಲು ಕಚ್ಚಿ ಹೊಡೆದಳು. ಕಂಬಳಿ ಸರಿಸಿದಾಗ ಮೊಳದುದ್ದದ ಚೂಪು ಚೂರುಗಳು ಬಿಸಿಲಿಗೆ ಹೊಳೆದವು. ಒಂದು ಚೂರು ಕಂಬಳಿಯನ್ನೇ ಸೀಳಿತ್ತು. ಗುರುಸಂಗಪ್ಪ ಬಗ್ಗಿ ಆ ಸೀಳನ್ನು ಮುಟ್ಟಿ ನೋಡಿದ. ಸಂಜೆಯೊಳಗೆ ಗಾಜೆಲ್ಲ ಇಳಿಸಿ, ಬಡಿಗೇರನಿಗೆ ಹೇಳಿ ಕಳಿಸಿದ.

ಮದುವೆಯ ದಿನ ಜಂಬಕ್ಕ ಹೊಸ ತೇಗದ ಕದದ ಹೊರಗೆ ಪಡಸಾಲೆಯಲ್ಲಿ ನಿಂತಿದ್ದಳು. ಕದ ತೆರೆದಿರುವಷ್ಟು ಹೊತ್ತಾದರೂ ನೋಡೋಣವೆಂಬ ಆಸೆ. ಅಷ್ಟರಲ್ಲಿ ಒಳಗಿನಿಂದ ಯಾರೋ, "ಬಾಗ್ಲಾ ಮುಂದ ಮಾಡ್ರಿ, ಗಾಳಿಗೆ ದೀಪ ನಿಲ್ಲವಲ್ಲವು," ಎಂದರು. ಅವಳ ಕಣ್ಣೆದುರೇ ಎರಡೂ ಕದ ಕೂಡಿಕೊಂಡವು. ಜಂಬಕ್ಕನಿಗೆ ಅಳು ಉಕ್ಕಿ ಬಂತು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಅಳು ನಿಲ್ಲಲಿಲ್ಲ.

ವಾಲಗ ಏರಿತು. ಈಗ ಬಿತ್ತು, ಈಗ ಬಿತ್ತು ಅಕ್ಕಿಕಾಳು ಎಂದು ಅವಳು ಕದಕ್ಕೆ ಕಿವಿ ಕೊಟ್ಟಳು. ಇದ್ದಕ್ಕಿದ್ದಂತೆ ವಾಲಗ ನಿಂತಿತು. ಗುಜುಗುಜು ಎದ್ದಿತು. ಕದ ತೆರೆದು ಗುರುಸಂಗಪ್ಪ ಹೊರಗೆ ಬಂದ. ರುಮಾಲು ಓರೆಯಾಗಿತ್ತು.

"ಅಕ್ಕ, ಒಳಗ ಬಾ."

"ಹುಚ್ಚೇನೋ ನಿನಗ? ಮುಹೂರ್ತ ಮೀರತೈತಿ, ಹೋಗು."

"ಮೀರಲಿ ಅಂತಾಳ. ಒಡಿಯಾಕ ಬೇಕಾದ ಕೈ ಹರಸಾಕ ಬ್ಯಾಡೇನು ಅಂತ ಕೇಳಿ ಎದ್ದು ನಿಂತಾಳ. ನೀ ಬರೋತನಕ ಕುಂದರಂಗಿಲ್ಲಂತ."

"ಯಾರೋ?"

ಹುಟ್ಟಿದಾಗಿನಿಂದ 'ನನ್ನ ಮಗಳು, ನನ್ನ ಮಗಳು' ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಗುರುಸಂಗಪ್ಪ.

"ನಿನ್ನ ಮಗಳು," ಎಂದ.

ಜಂಬಕ್ಕ ಮುಖ ಒರೆಸಿಕೊಂಡು ಹೊಸ್ತಿಲು ದಾಟಿದಳು.